ಮಾತು ತಡವಾದ ಮಕ್ಕಳು ಮತ್ತು ಮುಖದ ಭಾವ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷೆಯ ತೊಂದರೆ ಇರುವ ಮಕ್ಕಳ ಅಪ್ಪ ಅಮ್ಮಂದಿರು, ಅಜ್ಜಿಯರು, ಶಾಲೆಯ ಟೀಚರ್‌ಗಳು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಅವರು ಕೇಳಿದ ಹಾಗೇ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಸಾಕು.

## ಮೊದಲಿಗೆ ಕೇಳುವವು

ಮಾತು ತಡ ಅನ್ನೋದು ಗೊತ್ತು. ಅದಕ್ಕೂ ಮುಖ ನೋಡಿ ಕೋಪ, ಬೇಜಾರು ತಿಳ್ಕೊಳ್ಳೋದಕ್ಕೂ ಏನು ಸಂಬಂಧ?

ಸಂಬಂಧ ಇದೆ. ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. ಮಗು ಭಾವನೆಗಳನ್ನು ಬರೀ ಮುಖ ನೋಡಿ ಕಲಿಯುವುದಿಲ್ಲ. ಮುಖ ಕಾಣುವ ಹೊತ್ತಿಗೇ ಮನೆಯವರು ಅದಕ್ಕೊಂದು ಮಾತು ಸೇರಿಸಿರುತ್ತಾರೆ. "ಪುಟ್ಟಿ ಬಿದ್ದುಬಿಟ್ಲು, ನೋವಾಯ್ತು, ಅಳ್ತಿದಾಳೆ." "ತಾತಂಗೆ ಸಿಟ್ಟು ಬಂದಿದೆ, ಕನ್ನಡಕ ಮುರಿದುಹೋಯ್ತಲ್ಲ." ಇಂಥ ಮಾತು ದಿನಕ್ಕೆ ಎಷ್ಟೋ ಸಲ ಕಿವಿಗೆ ಬೀಳುತ್ತದೆ. ಗಂಟಿಕ್ಕಿದ ಹುಬ್ಬು, ಗಡುಸು ದನಿ, ಮುರಿದ ಕನ್ನಡಕ, ಈ ಮೂರೂ ಸೇರಿ "ಸಿಟ್ಟು" ಆಗುವುದು ಹೀಗೆ.

ಭಾಷೆಯ ತೊಂದರೆ ಇರುವ ಮಗುವಿಗೆ ಈ ಮಾತು ಅರ್ಧಂಬರ್ಧ ತಲುಪುತ್ತದೆ. ಮುಖ ಕಾಣುತ್ತದೆ, ದನಿಯೂ ಕೇಳಿಸುತ್ತದೆ. ಆದರೆ ಯಾಕೆ ಹಾಗಾಯಿತು, ಅದಕ್ಕೆ ಏನನ್ನುತ್ತಾರೆ ಅನ್ನುವುದು ಗಟ್ಟಿಯಾಗಿ ಕೂರುವುದಿಲ್ಲ. ಮಗುವಿನ ಕಣ್ಣಿನಲ್ಲಿ ಏನೂ ದೋಷ ಇಲ್ಲ, ಮನಸ್ಸಿನಲ್ಲಂತೂ ಇಲ್ಲವೇ ಇಲ್ಲ.

ನನ್ನ ಮಗನಿಗೆ ಕಿವಿ ಚೆನ್ನಾಗಿ ಕೇಳಿಸುತ್ತೆ, ಬುದ್ಧಿಯೂ ಚುರುಕು. ಮತ್ತೆ ಭಾಷೆಯ ತೊಂದರೆ ಅಂದ್ರೆ ಏನು?

ಕಿವಿ ಸರಿ ಇದ್ದು, ಆಟಿಸಂನಂಥ ಬೇರೆ ಕಾರಣವೂ ಕಾಣದೆ, ಮಾತು ಅರ್ಥ ಮಾಡಿಕೊಳ್ಳಲು ಅಥವಾ ವಾಕ್ಯ ಕಟ್ಟಿ ಹೇಳಲು ಮಗು ವರ್ಷಗಟ್ಟಲೆ ಕಷ್ಟಪಟ್ಟರೆ ಅದನ್ನು ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್ ಅನ್ನುತ್ತಾರೆ. ಚಿಕ್ಕದಾಗಿ ಡಿಎಲ್‌ಡಿ. ಮೊದಲು ಸ್ಪೆಸಿಫಿಕ್ ಲ್ಯಾಂಗ್ವೇಜ್ ಇಂಪೇರ್‌ಮೆಂಟ್ ಅನ್ನುತ್ತಿದ್ದರು. ಇಂಗ್ಲಿಷ್ ಮಾತಾಡುವ ಹಲವು ದೇಶಗಳ ತಜ್ಞರು ಸೇರಿ ಚರ್ಚಿಸಿ 2016-17ರಲ್ಲಿ ಈ ಹೊಸ ಹೆಸರಿಗೆ ಒಪ್ಪಿದರು. ಹಳೆಯ ರಿಪೋರ್ಟಿನಲ್ಲಿ ಹಳೆಯ ಹೆಸರು ಇದ್ದರೆ ಗಾಬರಿ ಬೇಡ.

ಇದು ಅಪರೂಪದ್ದೇನಲ್ಲ. ಅಮೆರಿಕದ ಅಯೋವಾದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಇಂಗ್ಲೆಂಡಿನ ಸರ್ರೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಪ್ರಮಾಣ ಸುಮಾರು 7%. ಅಂದರೆ 30 ಮಕ್ಕಳ ಕ್ಲಾಸಿನಲ್ಲಿ ಇಬ್ಬರು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಈ ಮಕ್ಕಳಿಗೆ "ಸೋಮಾರಿ", "ಹಟಮಾರಿ" ಅನ್ನುವ ಹೆಸರು ಬೇಗ ಅಂಟಿಕೊಳ್ಳುತ್ತದೆ.

ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಎಲ್ಲರನ್ನೂ ಗುರುತು ಹಿಡೀತಾಳೆ. ಹಾಗಿದ್ರೆ ಮುಖದ ವಿಷಯದಲ್ಲಿ ತೊಂದರೆ ಇಲ್ಲ ಅಂತ ತಾನೆ?

ಇದು ಯಾರ ಮುಖ ಅನ್ನುವುದು ಬೇರೆ. ಈ ಮುಖದಲ್ಲಿ ಏನಿದೆ ಅನ್ನುವುದು ಬೇರೆ. ಬ್ರಿಟನ್ನಿನ ವಿಕಿ ಬ್ರೂಸ್, ಆಂಡಿ ಯಂಗ್ ಅನ್ನುವ ಮನೋವಿಜ್ಞಾನಿಗಳು 1986ರಲ್ಲೇ ಇವೆರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ ಎಂದು ವಾದಿಸಿದರು. ಅವು ಪೂರ್ತಿ ಬೇರೆಯಲ್ಲ ಎಂದು ಆಮೇಲೆ ಕೆಲವರು ತಕರಾರು ಎತ್ತಿದರು. ಆದರೂ ಮೂಲ ಮಾತು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಡಿಎಲ್‌ಡಿ ಇರುವ ಮಕ್ಕಳು ಸಾಮಾನ್ಯವಾಗಿ ಪರಿಚಿತರನ್ನು ಸರಿಯಾಗಿ ಗುರುತಿಸುತ್ತಾರೆ. ಅವರು ಎಡವುವುದು ಭಾವ ಓದುವಲ್ಲಿ.

ಮನೆಯವರನ್ನೇ ಬೇರೆ ಕಡೆ ನೋಡಿದಾಗ ಗುರುತಿಸದೆ, ದನಿ ಕೇಳಿದ ಮೇಲೆ ಮಾತ್ರ ಗುರುತಿಸಿದರೆ ಅದು ಬೇರೆ ಸಂಗತಿ. ಡಾಕ್ಟರಿಗೆ ಹೇಳಿ.

ಯಾವ ವಯಸ್ಸಿಗೆ ಏನೇನು ಅರ್ಥ ಆಗ್ಬೇಕು? ನಾನು ಸುಮ್ನೆ ಹೆದರ್ತಿದೀನಾ?

ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ಬೇರೆ ಆಕಾರಗಳಿಗಿಂತ ಮುಖದ ಆಕಾರವನ್ನು ಹೆಚ್ಚು ಹೊತ್ತು ನೋಡುತ್ತದೆ. ಏಳು ತಿಂಗಳ ಹೊತ್ತಿಗೆ ನಗುಮುಖಕ್ಕೂ ಹೆದರಿದ ಮುಖಕ್ಕೂ ವ್ಯತ್ಯಾಸ ತಿಳಿಯುತ್ತದೆ. ವರ್ಷ ತುಂಬುವಾಗ ಅಮ್ಮನ ಮುಖ ನೋಡಿ ಮುಂದೆ ಹೋಗಲೋ ಬೇಡವೋ ಎಂದು ತೀರ್ಮಾನಿಸುತ್ತದೆ. 1985ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗ ನನಗೆ ತುಂಬ ಇಷ್ಟ. ಒಂದು ದೊಡ್ಡ ಮೇಜಿಗೆ ಗಾಜು ಹಾಸಿ, ಅರ್ಧದಿಂದ ಆಚೆ ತಳ ಕುಸಿದಂತೆ ಕಾಣುವ ಹಾಗೆ ಮಾಡಿದ್ದರು. ವರ್ಷದ ಮಕ್ಕಳು ಅಂಬೆಗಾಲಿಟ್ಟು ಬಂದು ಆ ಅಂಚಿನಲ್ಲಿ ನಿಂತು, ಎದುರಿಗಿದ್ದ ಅಮ್ಮನ ಮುಖ ನೋಡುತ್ತಿದ್ದವು. ಅಮ್ಮ ನಗುತ್ತಿದ್ದರೆ ಹೆಚ್ಚಿನ ಮಕ್ಕಳು ದಾಟಿದವು. ಅಮ್ಮ ಹೆದರಿದ ಮುಖ ಮಾಡಿದಾಗ ಒಂದು ಮಗುವೂ ದಾಟಲಿಲ್ಲ. ಯಾರೂ ಒಂದು ಮಾತೂ ಆಡಿರಲಿಲ್ಲ.

ಹೆಸರು ಹೇಳುವುದು ಆಮೇಲೆ. ಮೂರು ವರ್ಷದ ಆಸುಪಾಸಿನಲ್ಲಿ ಖುಷಿ, ನಂತರ ಸಿಟ್ಟು, ಬೇಜಾರು. ಹೆದರಿಕೆ, ಆಶ್ಚರ್ಯ ಇನ್ನೂ ತಡ. ಅಸಹ್ಯಪಟ್ಟು ಮುಖ ಸಿಂಡರಿಸಿದ್ದನ್ನು ಎಂಟು ವರ್ಷದ ಮಕ್ಕಳೂ ಎಷ್ಟೋ ಸಲ "ಸಿಟ್ಟು" ಅನ್ನುತ್ತಾರೆ, ಅದು ಸಹಜ. ಹೊರಗೆ ನಗುತ್ತಾ ಒಳಗೆ ಬೇಜಾರಾಗಿರಬಹುದು ಅನ್ನುವುದು ಆರೇಳು ವರ್ಷಕ್ಕೆ ತಿಳಿಯುತ್ತದೆ. ಒಂದೇ ಹೊತ್ತಿಗೆ ಖುಷಿಯೂ ಹೆದರಿಕೆಯೂ ಆಗಬಹುದು ಅನ್ನುವುದು ಎಂಟೊಂಬತ್ತರ ಮೇಲೆ. ಇದರಲ್ಲಿ ಆರೇಳು ತಿಂಗಳು ಆಚೀಚೆ ಆದರೆ ಚಿಂತೆ ಬೇಡ.

ಅವರಪ್ಪನೂ ತಡವಾಗೇ ಮಾತಾಡಿದ್ರಂತೆ, ಗಂಡುಮಕ್ಕಳು ಹಾಗೇನೇ ಅಂತಾರೆ ನಮ್ಮತ್ತೆ. ಕಾಯೋಣ್ವಾ?

ಕಾಯಬೇಡಿ. ಅಪ್ಪನಿಗೂ ತಡವಾಗಿತ್ತು ಅನ್ನುವುದು ಬೇಗ ತೋರಿಸಲು ಒಂದು ಕಾರಣ. ಭಾಷೆಯ ತೊಂದರೆ ಮನೆತನದಲ್ಲಿ ಬರುವುದು ಇದೆ. ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಸ್ವಲ್ಪ ಹಿಂದೆ ಇರುತ್ತಾರೆ, ಆದರೆ ಆ ಅಂತರ ವರ್ಷಗಟ್ಟಲೆ ಇರುವುದಿಲ್ಲ. ಎರಡು ವರ್ಷವಾದರೂ "ಅಮ್ಮ ಬಾ", "ಹಾಲು ಬೇಕು" ಅಂತ ಎರಡು ಪದ ಜೋಡಿಸದಿದ್ದರೆ ಹೋಗಿ ತೋರಿಸಿ. ತಡವಾಗಿ ಶುರು ಮಾಡಿದ ಮಕ್ಕಳಲ್ಲಿ ಅನೇಕರು ತಾವಾಗಿಯೇ ಸರಿಹೋಗುತ್ತಾರೆ, ನಿಜ. ಆದರೆ ನಿಮ್ಮ ಮಗು ಆ ಗುಂಪಿನದ್ದೇ ಅಂತ ಮನೆಯಲ್ಲಿ ಕೂತು ಹೇಳಲಾಗುವುದಿಲ್ಲ.

ಮುಖದ ಭಾವ ತಿಳಿಯಲ್ಲ ಅಂದ್ರೆ ಅದು ಆಟಿಸಂ ಅಲ್ವಾ?

ಬರೀ ಅದೊಂದರಿಂದ ಹಾಗೆ ಹೇಳಲು ಬರುವುದಿಲ್ಲ. ಡಿಎಲ್‌ಡಿ ಇರುವ ಮಗು ಮಾತು ಬಾರದಿದ್ದರೂ ಕೈ ಹಿಡಿದು ಎಳೆದು, ಬೆರಳು ತೋರಿಸಿ, ನಿಮ್ಮ ಕಣ್ಣು ನೋಡಿ, "ನೋಡು ನೋಡು" ಅನ್ನುವಂತೆ ಕುಣಿಯುತ್ತದೆ. ಬೇರೆ ಮಕ್ಕಳ ಜೊತೆ ಆಡುವ ಆಸೆಯೂ ಇರುತ್ತದೆ. ಆಟಿಸಂನಲ್ಲಿ ಈ ಕೊಡುಕೊಳ್ಳುವಿಕೆಯೇ ಬೇರೆ ರೀತಿ ಇರುತ್ತದೆ. ಜೊತೆಗೆ ಒಂದೇ ಕೆಲಸ ಮತ್ತೆ ಮತ್ತೆ ಮಾಡುವುದು, ಕೆಲವು ಸದ್ದು, ಬಟ್ಟೆ, ರುಚಿ ಸಹಿಸದಿರುವುದು ಇರಬಹುದು. ಆಟಿಸಂ ಜೊತೆಗೆ ಭಾಷೆಯ ತೊಂದರೆಯೂ ಇರುವ ಮಕ್ಕಳಿದ್ದಾರೆ, ಆಗ ಅದನ್ನು ಡಿಎಲ್‌ಡಿ ಅನ್ನುವುದಿಲ್ಲ. ತಿಳಿದವರು ಮಗುವಿನ ಜೊತೆ ಕೂತು ಆಡಿ ನೋಡಿದ ಮೇಲೆಯೇ ಇದನ್ನು ಹೇಳಬೇಕು. ಮೊಬೈಲಿನಲ್ಲಿ ವಿಡಿಯೊ ನೋಡಿ ನೀವೇ ತೀರ್ಮಾನಕ್ಕೆ ಬರಬೇಡಿ.

## ಮನೆ, ಶಾಲೆ

ನಾನು ಅಳ್ತಾ ಕೂತಿದ್ರೆ ಪಕ್ಕದಲ್ಲಿ ಬಂದು ಬಿಸ್ಕೆಟ್ ಕೇಳ್ತಾನೆ. ನನ್ನ ಮಗನಿಗೆ ಕರುಣೆನೇ ಇಲ್ವಾ?

ಈ ಪ್ರಶ್ನೆ ಕೇಳುವ ತಾಯಂದಿರ ದನಿ ನಡುಗುತ್ತಿರುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಅವನು ಪಕ್ಕದಲ್ಲಿ ಬಂದು ಕೂತ, ಅದನ್ನು ಮೊದಲು ನೋಡಿ. ಏನೋ ಸರಿ ಇಲ್ಲ ಅನ್ನುವುದು ಅವನಿಗೆ ತಾಗಿರಬಹುದು. ಅಮ್ಮನಿಗೆ ಏನಾಗಿದೆ, ಯಾಕಾಗಿದೆ, ನಾನೇನು ಹೇಳಬೇಕು, ಈ ಮೂರಕ್ಕೂ ಮಾತು ಬೇಕು. ಮಾತು ಕೈಗೆ ಸಿಗದಿದ್ದಾಗ ಅವನು ತನಗೆ ಬರುವ ಒಂದು ವಾಕ್ಯ ಆಡುತ್ತಾನೆ. ಅದು ಬಿಸ್ಕೆಟ್ಟಿನದ್ದು.

ಇನ್ನೊಮ್ಮೆ ಹೀಗಾದಾಗ ಬೈಯಬೇಡಿ, ಕಣ್ಣೊರೆಸಿಕೊಂಡು ಏನೂ ಆಗಿಲ್ಲ ಅನ್ನುವ ಹಾಗೂ ಇರಬೇಡಿ. "ಅಮ್ಮಂಗೆ ಬೇಜಾರು. ಅಜ್ಜಿ ಊರಿಗೆ ಹೋದ್ರು. ಅಮ್ಮನ ಕೈ ಹಿಡ್ಕೋ" ಅನ್ನಿ. ಏನು ಅನಿಸಿದೆ, ಯಾಕೆ, ಅವನು ಏನು ಮಾಡಬಹುದು. ಮೂರೇ ಪುಟ್ಟ ವಾಕ್ಯ. ಕೆಲವು ತಿಂಗಳಾದ ಮೇಲೆ ಕೇಳದೆಯೇ ಕೈ ಹಿಡಿಯುವ ಮಕ್ಕಳನ್ನು ಕಂಡಿದ್ದೇನೆ.

ಫ್ಲ್ಯಾಶ್‌ಕಾರ್ಡಲ್ಲಿ ಎಲ್ಲಾ ಮುಖನೂ ಸರಿಯಾಗಿ ಹೇಳ್ತಾಳೆ. ಶಾಲೇಲಿ ಮಾತ್ರ ದಿನಾ ಜಗಳ. ಯಾಕೆ?

ಕಾರ್ಡಿನ ಮುಖ ಅಲ್ಲಾಡುವುದಿಲ್ಲ, ಕಾಯುತ್ತದೆ, ಭಾವವನ್ನು ದೊಡ್ಡದಾಗಿ ತೋರಿಸುತ್ತದೆ. ಶಾಲೆಯ ಅಂಗಳದಲ್ಲಿ ಗೆಳತಿಯ ಮುಖದಲ್ಲಿ ಬೇಜಾರು ಒಂದು ಕ್ಷಣ ಮಿಂಚಿ ಹೋಗುತ್ತದೆ. ಅಷ್ಟರಲ್ಲಿ ಮಾತು ಕೇಳಬೇಕು, ಆಟದ ನಿಯಮ ನೆನಪಿಡಬೇಕು, ಉತ್ತರ ಕೊಡಬೇಕು.

2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಇದೇ ಕಂಡಿತು. ಭಾಷೆಯ ತೊಂದರೆ ಇದ್ದ ಶಿಶುವಿಹಾರದ ಮಕ್ಕಳು ಚಿತ್ರದ ಮುಖ ನೋಡಿ ಭಾವ ಹೇಳಿದರು. ಚಿಕ್ಕ ಕಥೆ ಹೇಳಿ "ಈಗ ಇವನಿಗೆ ಏನನಿಸಿರಬಹುದು" ಎಂದು ಕೇಳಿದಾಗ ತಡವರಿಸಿದರು. ಅಂದರೆ ಇಂಥ ಮಕ್ಕಳಿಗೆ ನಿಜವಾದ ಕಷ್ಟ ಇರುವುದು ಏನಾಯಿತು ಅನ್ನುವುದಕ್ಕೂ ಏನನಿಸಿತು ಅನ್ನುವುದಕ್ಕೂ ಗಂಟು ಹಾಕುವುದರಲ್ಲಿ. ಫ್ಲ್ಯಾಶ್‌ಕಾರ್ಡ್ ಆ ಗಂಟು ಹಾಕಿಸುವುದಿಲ್ಲ. ಬರೀ ಕಾರ್ಡಿಗೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಸಲಹೆ.

ಟೀಚರ್ ಬೈದ್ರೆ ನಗ್ತಾನಂತೆ. ಬೇಕಂತಲೇ ಮಾಡ್ತಾನೆ ಅಂತ ಡೈರಿಲಿ ಬರೆದು ಕಳಿಸಿದಾರೆ.

ಬೇಕಂತಲೇ ಇರಲಾರದು. ಟೀಚರ್ ಏನೆಂದು ಬೈದರು ಅಂತ ಕೇಳಿ. "ಭಾರಿ ಚೆನ್ನಾಗಿ ಬರೆದಿದೀಯಪ್ಪ" ಅನ್ನುವಂಥ ಕೊಂಕು ಮಾತಾದರೆ ಇವನು ಪದಗಳನ್ನಷ್ಟೇ ಹಿಡಿದು ಹೊಗಳಿದರು ಅಂದುಕೊಂಡಿರುತ್ತಾನೆ. ದನಿಯಲ್ಲಿರುವ ಕೋಪವನ್ನು ಹಿಡಿಯುವುದೂ ಈ ಮಕ್ಕಳಿಗೆ ಕಷ್ಟ. ಒಂದೇ ಕಥೆಯನ್ನು ಖುಷಿ, ಸಿಟ್ಟು, ಹೆದರಿಕೆ, ದುಃಖದ ದನಿಗಳಲ್ಲಿ ಓದಿಸಿ ಮಕ್ಕಳಿಗೆ ಕೇಳಿಸಿದ 2008ರ ಅಧ್ಯಯನವೊಂದರಲ್ಲಿ, ಎಂಟರಿಂದ ಹತ್ತು ವರ್ಷದ ಭಾಷಾ ತೊಂದರೆಯ ಮಕ್ಕಳು ಓರಗೆಯವರಿಗಿಂತ ಹಿಂದೆ ಬಿದ್ದರು. ಇನ್ನು ಕೆಲವು ಮಕ್ಕಳು ಗಾಬರಿಯಾದಾಗ ನಗುತ್ತಾರೆ, ಅದೂ ಇದೆ.

ಟೀಚರಿಗೆ ಜಗಳದ ಪತ್ರ ಬರೆಯುವ ಬದಲು ಒಂದು ಕೋರಿಕೆ ಮುಂದಿಡಿ: "ದಯವಿಟ್ಟು ನೇರವಾಗಿ ಹೇಳಿ. 'ನನಗೆ ಸಿಟ್ಟು ಬಂದಿದೆ. ನೀನು ಪುಸ್ತಕ ಹರಿದೆ' ಅಂತ." ಹೆಚ್ಚಿನ ಟೀಚರ್‌ಗಳು ಇದನ್ನು ಸಂತೋಷವಾಗಿ ಮಾಡುತ್ತಾರೆ.

ಮನೇಲಿ ಕನ್ನಡ, ಅಜ್ಜಿ ಜೊತೆ ತುಳು, ಶಾಲೇಲಿ ಇಂಗ್ಲಿಷ್. ಒಂದೇ ಭಾಷೆ ಇಟ್ಕೊಳ್ಳಿ ಅಂದ್ರು ಒಬ್ರು. ನಿಜಾನಾ?

ಎರಡು ಮೂರು ಭಾಷೆ ಕೇಳುವುದರಿಂದ ಡಿಎಲ್‌ಡಿ ಬರುವುದಿಲ್ಲ. ಇದ್ದರೆ ಎಲ್ಲ ಭಾಷೆಯಲ್ಲೂ ಕಾಣುತ್ತದೆ, ಶಾಲೆಯ ಇಂಗ್ಲಿಷಿನಲ್ಲಿ ಮಾತ್ರ ಕಷ್ಟ ಅಂದರೆ ಅದು ಡಿಎಲ್‌ಡಿ ಅಲ್ಲ. ಅಜ್ಜಿಯ ತುಳು ನಿಲ್ಲಿಸಿದರೆ ಅಜ್ಜಿಯ ಜೊತೆಗಿನ ಮಾತೇ ನಿಂತುಹೋಗುತ್ತದೆ. ನೀವು ನಗುವ, ಗದರುವ, ಮುದ್ದು ಮಾಡುವ ಭಾಷೆ ಯಾವುದೋ ಅದರಲ್ಲೇ ಭಾವದ ಮಾತು ಆಡಿ. ಅರ್ಧ ಬರುವ ಇಂಗ್ಲಿಷಿನಲ್ಲಿ "ಆರ್ ಯು ಆಂಗ್ರಿ" ಅನ್ನುವುದರಿಂದ ಉಪಯೋಗ ಕಡಿಮೆ.

ಮೊಬೈಲ್ ಜಾಸ್ತಿ ಕೊಟ್ಟಿದ್ದಕ್ಕೇ ಹೀಗಾಯ್ತಾ?

ಡಿಎಲ್‌ಡಿಗೆ ಮೊಬೈಲ್ ಕಾರಣ ಅಲ್ಲ. ನಿಮ್ಮನ್ನು ನೀವು ಹಳಿದುಕೊಳ್ಳುವುದು ಬಿಡಿ. ಆದರೆ ಊಟದ ಹೊತ್ತಿನಲ್ಲಿ ಮಗುವಿನ ಕಣ್ಣು ಮೊಬೈಲಿನಲ್ಲೇ ಇದ್ದರೆ ನಿಮ್ಮ ಮುಖ ನೋಡುವ ಅವಕಾಶ ಅಷ್ಟು ಕಡಿಮೆ ಆಗುತ್ತದೆ. ನಮ್ಮ ಕಣ್ಣು ಮೊಬೈಲಿನಲ್ಲಿದ್ದರೂ ಅಷ್ಟೇ.

ನಾಲಿಗೆ ಕೆಳಗಿನ ನರ ಕತ್ತರಿಸಿದ್ರೆ ಸರಿ ಹೋಗುತ್ತಂತಲ್ಲ?

ಇಲ್ಲ. ನಾಲಿಗೆ ಕೆಳಗಿನ ಪಟ್ಟಿ ಬಿಗಿಯಾಗಿದ್ದರೆ ಎಳೆಗೂಸು ಹಾಲು ಕುಡಿಯಲು ಕಷ್ಟಪಡಬಹುದು, ದೊಡ್ಡದಾದ ಮೇಲೆ ಕೆಲವು ಉಚ್ಚಾರಣೆ ತೊಡಕಾಗಬಹುದು. ಭಾಷೆ ಕಲಿಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮನೇಲಿ ದಿನಾ ಏನು ಮಾಡ್ಬಹುದು? ಥೆರಪಿಗೆ ವಾರಕ್ಕೊಂದು ಸಲ ಹೋಗೋಕಷ್ಟೇ ಆಗೋದು.

ಮೊದಲನೆಯದು: ಕೇಳುವುದನ್ನು ಕಡಿಮೆ ಮಾಡಿ, ಹೇಳುವುದನ್ನು ಜಾಸ್ತಿ ಮಾಡಿ. "ಇದು ಯಾವ ಮುಖ? ಹೇಳು, ಹೇಳು" ಅಂದಾಗ ಮಗುವಿಗೆ ಪರೀಕ್ಷೆ ಬರೆದ ಹಾಗಾಗುತ್ತದೆ. ಅದರ ಬದಲು ನಡೆಯುತ್ತಿರುವುದನ್ನೇ ಹೇಳಿ. ಅಕ್ಕನ ಪೆನ್ಸಿಲ್ ಮುರಿಯಿತು, ಅವಳು ಮುಖ ಊದಿಸಿಕೊಂಡು ಕೂತಿದ್ದಾಳೆ. ಮಗುವಿನ ಎತ್ತರಕ್ಕೆ ಬಗ್ಗಿ, ಅಕ್ಕನ ಕಡೆ ತೋರಿಸಿ, "ಅಕ್ಕಂಗೆ ಸಿಟ್ಟು. ಪೆನ್ಸಿಲ್ ಮುರೀತು" ಅನ್ನಿ. ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಆ ಮೌನ ಬಹಳ ಮುಖ್ಯ. ಮಾತು ನಿಧಾನವಾಗಿ ಅರ್ಥವಾಗುವ ಮಗುವಿಗೆ ಆ ಹೊತ್ತು ಬೇಕೇ ಬೇಕು. ಮಗು "ಸಿಟ್ಟು" ಅಂದರೆ ನೀವು "ಹೂಂ, ಅಕ್ಕಂಗೆ ತುಂಬಾ ಸಿಟ್ಟು" ಅಂತ ಸ್ವಲ್ಪ ಉದ್ದ ಮಾಡಿ. ಏನೂ ಅನ್ನದಿದ್ದರೆ ಬಿಡಿ, ನಾಳೆ ಇನ್ನೊಂದು ಸಂದರ್ಭ ಬರುತ್ತದೆ.

ಖುಷಿ, ಸಿಟ್ಟು, ಬೇಜಾರು, ಹೆದರಿಕೆ. ಈ ನಾಲ್ಕು ಗಟ್ಟಿಯಾಗುವ ತನಕ ಮುಂದಕ್ಕೆ ಹೋಗಬೇಡಿ. ನಾಚಿಕೆ, ಹೊಟ್ಟೆಕಿಚ್ಚು, ಮುನಿಸು, ಸಂಕೋಚ, ಇವು ಆಮೇಲೆ. ಇವಕ್ಕೆ ಮುಖಕ್ಕಿಂತ ಸಂದರ್ಭ ಮುಖ್ಯ. ಹೊಟ್ಟೆಕಿಚ್ಚಿಗೆ ಇಂಥದ್ದೇ ಅನ್ನುವ ಮುಖ ಎಲ್ಲಿದೆ ಹೇಳಿ? ತಮ್ಮನಿಗೆ ಹೊಸ ಸೈಕಲ್ ಬಂದ ದಿನ ಅದನ್ನು ಹೇಳಿಕೊಡಬೇಕು.

ತಲೆ ಬಾಚುವಾಗ ಕನ್ನಡಿಯಲ್ಲಿ ಇಬ್ಬರೂ ಮುಖ ಮಾಡಿ ನೋಡಿ. ಸಂಜೆ ಅಜ್ಜಿಯ ಜೊತೆ ಧಾರಾವಾಹಿ ನೋಡುವ ಮನೆಯಾದರೆ ಅದನ್ನೂ ಬಳಸಿಕೊಳ್ಳಬಹುದು. ಒಂದು ಮಾತಿಗೆ ಎಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ಹತ್ತಿರದಿಂದ ತೋರಿಸುತ್ತಾರಲ್ಲ, ಅಲ್ಲಿ ನಿಲ್ಲಿಸಿ "ಅತ್ತೆಗೆ ಸಿಟ್ಟು, ಸೊಸೆಗೆ ಹೆದರಿಕೆ" ಅನ್ನಿ. ಅಲ್ಲಿನ ಮುಖಭಾವ ಅತಿಯಾಗಿರುತ್ತದೆ, ಶುರುವಿಗೆ ಅದು ಅನುಕೂಲವೇ. ಅಲ್ಲಿಗೇ ನಿಲ್ಲಬೇಡಿ, ಮನೆಯವರ ಸಣ್ಣ ಸಣ್ಣ ಭಾವಗಳಿಗೆ ಬನ್ನಿ.

ನಿಮ್ಮ ಭಾವವನ್ನೂ ಹೇಳಿ. "ಅಪ್ಪಂಗೆ ಸುಸ್ತಾಗಿದೆ. ಬಸ್ಸಲ್ಲಿ ನಿಂತ್ಕೊಂಡೇ ಬಂದೆ." ನಮ್ಮಲ್ಲಿ ಗಂಡಸರು ಇದನ್ನು ಹೇಳುವುದು ಕಡಿಮೆ. ಈ ಮಕ್ಕಳ ಸಲುವಾಗಿಯಾದರೂ ಹೇಳಬೇಕು.

ಬೇಜಾರಾ ಅಂದ್ರೂ ಹೂಂ ಅಂತಾಳೆ, ಖುಷಿನಾ ಅಂದ್ರೂ ಹೂಂ ಅಂತಾಳೆ. ಏನಂತ ತಿಳ್ಕೊಳ್ಳೋದು?

ಪ್ರಶ್ನೆ ಅರ್ಥವಾಗಿಲ್ಲ ಅಂತ ತಿಳಿದುಕೊಳ್ಳಿ. "ಹೂಂ" ಅಂದರೆ ದೊಡ್ಡವರು ಕೇಳುವುದನ್ನು ನಿಲ್ಲಿಸುತ್ತಾರೆ, ಅದನ್ನು ಅವಳು ಕಲಿತಿದ್ದಾಳೆ. ಎರಡು ಮುಖಗಳನ್ನು ಹಾಳೆಯಲ್ಲಿ ಬರೆದು "ಖುಷಿ? ಬೇಜಾರು?" ಅಂತ ತೋರಿಸಿ, ಬೆರಳಿಡಲಿ. ಹೊಟ್ಟೆನೋವು, ಹಸಿವು, ನಿದ್ದೆ ಇವನ್ನೂ ಜೊತೆಗೆ ಬರೆದಿಡಿ. ಮೈಗೆ ಹುಷಾರಿಲ್ಲದ್ದನ್ನು ಮನಸ್ಸಿನ ಬೇಜಾರು ಅಂದುಕೊಳ್ಳುವುದು ತಪ್ಪುತ್ತದೆ.

## ಪರೀಕ್ಷೆ, ಸಹಾಯ, ಕಾಗದಪತ್ರ

ಮೊದಲು ಯಾರ ಹತ್ರ ಹೋಗ್ಬೇಕು?

ಮೊದಲು ಕಿವಿ ಪರೀಕ್ಷೆ. ಕರೆದರೆ ತಿರುಗುತ್ತಾನೆ ಅಂತ ಅದನ್ನು ಬಿಡಬೇಡಿ, ಅರ್ಧ ಕೇಳುವ ಮಕ್ಕಳೂ ತಿರುಗುತ್ತಾರೆ. ಆಮೇಲೆ ಸ್ಪೀಚ್ ಥೆರಪಿಸ್ಟ್. ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಇದೆಯಾ ಅಂತ ಕೇಳಿ, ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. 1960ರ ದಶಕದಿಂದ ಕೆಲಸ ಮಾಡುತ್ತಿದೆ. ಸಿಟ್ಟು, ಹೆದರಿಕೆ, ಶಾಲೆಯ ಜಗಳ ಜಾಸ್ತಿಯಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಅಷ್ಟು ದೂರ ಆಗದವರು ಅಂಗನವಾಡಿ ಅಥವಾ ಶಾಲೆಯಲ್ಲಿ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತಾರೆ, ಮಾತು ತಡವಾಗುವುದೂ ಅವರ ಪಟ್ಟಿಯಲ್ಲಿದೆ. ಅಲ್ಲಿಂದ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಬರೆದುಕೊಡುತ್ತಾರೆ.

ಭಾವ ಗುರುತಿಸೋ ಟೆಸ್ಟಲ್ಲಿ ಮಾರ್ಕ್ಸ್ ತುಂಬಾ ಕಡಿಮೆ ಬಂತು. ಅದನ್ನ ನಂಬಬಹುದಾ?

ಟೆಸ್ಟ್ ಹೇಗೆ ಮಾಡಿದರು ಅಂತ ಕೇಳಿ. ಫೋಟೊ ತೋರಿಸಿ "ಇವರಿಗೆ ಏನನಿಸ್ತಿದೆ" ಎಂದು ಕೇಳಿದ್ದರೆ, ಮಗು ಭಾವ ತಿಳಿದೂ ಪದ ಸಿಗದೆ ಸುಮ್ಮನಿದ್ದಿರಬಹುದು. ಆಗ ಅದು ಮತ್ತೆ ಭಾಷೆಯ ಟೆಸ್ಟೇ ಆಯಿತು. ಒಂದು ಮುಖ ತೋರಿಸಿ ಅದೇ ಭಾವದ ಇನ್ನೊಂದು ಮುಖವನ್ನು ಆರಿಸಲು ಹೇಳಿದರೆ ಮಾತಿನ ಹೊರೆ ಕಡಿಮೆಯಾಗುತ್ತದೆ. ಎರಡನ್ನೂ ಮಾಡಿಸಿ ಹೋಲಿಸಬೇಕು. ಹೋಲಿಸಿ ಆರಿಸಲು ಬರುತ್ತದೆ, ಹೆಸರು ಹೇಳಲು ಬರುವುದಿಲ್ಲ ಅಂದರೆ ಪದಗಳ ಮೇಲೆ ಕೆಲಸ ಮಾಡಬೇಕು. ಎರಡೂ ಬರದಿದ್ದರೆ ಮುಖ ನೋಡುವುದರಿಂದಲೇ ಶುರು ಮಾಡಬೇಕು. ಫೋಟೊಗಳು ಹೊರದೇಶದ ದೊಡ್ಡವರದ್ದೇ ಆಗಿದ್ದರೆ ಅದನ್ನೂ ಗಮನದಲ್ಲಿಡಿ. ತಮ್ಮಂಥವರ ಮುಖದ ಭಾವ ಎಲ್ಲರಿಗೂ ಸ್ವಲ್ಪ ಸುಲಭ.

ಅಂಗವಿಕಲರ ಸರ್ಟಿಫಿಕೇಟ್ ಸಿಗುತ್ತಾ?

ಗಟ್ಟಿಯಾಗಿ ಹೌದು ಅನ್ನಲಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಅದರಲ್ಲಿ "ಮಾತು ಮತ್ತು ಭಾಷೆಯ ಅಂಗವೈಕಲ್ಯ" ಇದೆ. ಆದರೆ ಧ್ವನಿಪೆಟ್ಟಿಗೆ ತೆಗೆದವರು, ಮಿದುಳಿಗೆ ಪೆಟ್ಟಾಗಿ ಮಾತು ಹೋದವರು, ಇಂಥ ಶಾಶ್ವತ ತೊಂದರೆಯವರನ್ನು ಮನಸ್ಸಿನಲ್ಲಿಟ್ಟು ಅದನ್ನು ಬರೆದಿದ್ದಾರೆ. ಡಿಎಲ್‌ಡಿ ಎಂಬ ಹೆಸರು ಅಲ್ಲಿಲ್ಲ. ನಿರ್ದಿಷ್ಟ ಕಲಿಕಾ ತೊಂದರೆಯ ವಿವರಣೆಯಲ್ಲಿ ಡೆವಲಪ್‌ಮೆಂಟಲ್ ಅಫೇಸಿಯಾ ಎಂಬ, ಮಕ್ಕಳ ಇಂಥ ಭಾಷಾ ತೊಂದರೆಗೆ ಬಹಳ ಹಿಂದೆ ಬಳಸುತ್ತಿದ್ದ ಹೆಸರನ್ನು ಸೇರಿಸಿದ್ದಾರೆ. ಓದು ಬರಹದಲ್ಲೂ ತೊಂದರೆ ಇರುವ ಮಕ್ಕಳಿಗೆ ಆ ದಾರಿ ತೆರೆಯಬಹುದು. ನೂರಕ್ಕೆ ಏಳು ಮಕ್ಕಳಿಗಿರುವ ತೊಂದರೆಗೆ ಕಾಯ್ದೆಯಲ್ಲಿ ನೇರ ಜಾಗ ಇಲ್ಲದಿರುವುದು ಅನ್ಯಾಯ ಅನ್ನುವುದು ನನ್ನ ಅಭಿಪ್ರಾಯ.

## ಇನ್ನೂ ತಿಳಿದುಕೊಳ್ಳಬೇಕು ಅನ್ನುವವರಿಗೆ

ಮುಖದ ಭಾವ ಪ್ರಪಂಚದಲ್ಲೆಲ್ಲಾ ಒಂದೇ ಅಂತ ಓದಿದೀನಿ. ಹಾಗಿದ್ರೆ ಅದಕ್ಕೆ ಭಾಷೆ ಯಾಕೆ ಬೇಕು?

ಅಮೆರಿಕದ ಮನೋವಿಜ್ಞಾನಿ ಪಾಲ್ ಎಕ್ಮನ್ 1960ರ ದಶಕದ ಕೊನೆಯಲ್ಲಿ ಪಾಪುವಾ ನ್ಯೂಗಿನಿಯ ಫೋರೆ ಜನರ ಬಳಿ ಹೋಗಿ, ಹೊರ ಜಗತ್ತಿನ ಸಂಪರ್ಕ ಹೆಚ್ಚಿಲ್ಲದ ಅವರೂ ಫೋಟೊಗಳಲ್ಲಿನ ಮೂಲ ಭಾವಗಳನ್ನು ಗುರುತಿಸುತ್ತಾರೆ ಎಂದು ಹೇಳಿದರು. ಖುಷಿ, ದುಃಖ, ಕೋಪ, ಹೆದರಿಕೆ, ಆಶ್ಚರ್ಯ, ಅಸಹ್ಯ ಎಂಬ ಆರರ ಪಟ್ಟಿ ಅವರ ಕೆಲಸದಿಂದಲೇ ಹೆಸರಾಯಿತು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮೊದಲಾದ ಮನೋವಿಜ್ಞಾನಿಗಳು ಇದನ್ನು ಪ್ರಶ್ನಿಸಿದ್ದಾರೆ. ಫೋಟೊ ಜೊತೆ ಪದಗಳ ಪಟ್ಟಿಯನ್ನೋ ಕಥೆಯನ್ನೋ ಕೊಟ್ಟರೆ ಜನ ಸರಿಯಾಗಿ ಹೇಳುತ್ತಾರೆ, ಅದನ್ನು ತೆಗೆದರೆ ಉತ್ತರಗಳು ಚೆಲ್ಲಾಪಿಲ್ಲಿ ಆಗುತ್ತವೆ ಅನ್ನುವುದು ಅವರ ವಾದ. ನನಗೆ ಈ ಮಕ್ಕಳನ್ನು ನೋಡಿದ ಮೇಲೆ ಎರಡನೆಯ ವಾದವೇ ಹೆಚ್ಚು ಹತ್ತಿರ ಅನಿಸುತ್ತದೆ.

ಭಾಷೆ ಕಡಿಮೆ ಇರೋದ್ರಿಂದ ಭಾವ ತಿಳಿಯಲ್ವೋ, ಅಥವಾ ಎರಡಕ್ಕೂ ಕಾರಣ ಬೇರೆ ಏನೋ ಇದೆಯೋ?

ತಜ್ಞರಲ್ಲಿ ಇನ್ನೂ ಚರ್ಚೆ ಇರುವ ಪ್ರಶ್ನೆ. ಎರಡು ಸುಳಿವುಗಳಿವೆ. ಮೇಲೆ ಹೇಳಿದ ಇಂಗ್ಲೆಂಡಿನ ಸರ್ರೆ ಅಧ್ಯಯನದ ಮಕ್ಕಳನ್ನೇ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಐದಾರು ವರ್ಷದಲ್ಲಿದ್ದ ಭಾಷೆಯ ಮಟ್ಟವು ಹತ್ತು ಹನ್ನೊಂದರಲ್ಲಿ ಮುಖದಿಂದ, ದನಿಯಿಂದ ಭಾವ ಗುರುತಿಸುವುದನ್ನು ಮೊದಲೇ ಸೂಚಿಸಿತ್ತು. ಸಾಮಾನ್ಯ ಬುದ್ಧಿಮಟ್ಟ ಹಾಗೆ ಸೂಚಿಸಲಿಲ್ಲ. ಇನ್ನೊಂದು, ಕಿವುಡು ಮಕ್ಕಳದ್ದು. ಕೇಳಿಸುವ ಅಪ್ಪ ಅಮ್ಮನಿಗೆ ಹುಟ್ಟಿ, ಸನ್ನೆ ಭಾಷೆ ತಡವಾಗಿ ಸಿಕ್ಕ ಮಕ್ಕಳು ಬೇರೆಯವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದರಲ್ಲಿ ಹಿಂದೆ ಬೀಳುತ್ತಾರೆ. ಕಿವುಡು ಅಪ್ಪ ಅಮ್ಮನಿಂದ ಹುಟ್ಟಿನಿಂದಲೇ ಸನ್ನೆ ಭಾಷೆ ಕಲಿತ ಮಕ್ಕಳು ಹಾಗೆ ಹಿಂದೆ ಬೀಳುವುದಿಲ್ಲ. ಎರಡೂ ಗುಂಪಿಗೆ ಕಿವಿ ಕೇಳಿಸದು, ವ್ಯತ್ಯಾಸ ಇರುವುದು ಭಾಷೆ ಸಿಕ್ಕ ಹೊತ್ತಿನಲ್ಲಿ.

ದೊಡ್ಡವಳಾದ ಮೇಲೆ ತಾನೇ ಸರಿ ಹೋಗುತ್ತಾ?

ಭಾಷೆಯ ತೊಂದರೆ ಐದು ವರ್ಷದ ಮೇಲೂ ಉಳಿದಿದ್ದರೆ ಅದು ಪೂರ್ತಿ ಹೋಗುವುದು ಕಡಿಮೆ. ಮೂಲ ಭಾವಗಳನ್ನು ಹೆಚ್ಚಿನ ಮಕ್ಕಳು ಕಲಿತೇ ಕಲಿಯುತ್ತಾರೆ, ತಡವಾಗಿ. ಹರೆಯದಲ್ಲಿ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ಗೆಳತಿಯರ ತಮಾಷೆ ಯಾವುದು, ಚುಚ್ಚುಮಾತು ಯಾವುದು, ಯಾರೋ ಒಬ್ಬರು ವಾಟ್ಸಾಪ್‌ನಲ್ಲಿ ಬರೀ "ಸರಿ" ಅಂದರೆ ಮುನಿಸೋ ಅಲ್ಲವೋ, ಇವೆಲ್ಲ ಗೊಂದಲ. ಭಾಷೆಯ ತೊಂದರೆ ಇರುವ ಮಕ್ಕಳಲ್ಲಿ ಆತಂಕ, ಖಿನ್ನತೆಯಂಥ ತೊಂದರೆಗಳು ಓರಗೆಯವರಿಗಿಂತ ಹೆಚ್ಚು ಕಾಣುತ್ತವೆ ಎಂದು ಅನೇಕ ಅಧ್ಯಯನಗಳು ಹೇಳಿವೆ. ಹೈಸ್ಕೂಲಿಗೆ ಬಂದ ಮಗಳು ಮಾತು ಕಡಿಮೆ ಮಾಡಿದರೆ, ಊಟ ನಿದ್ದೆ ಕೆಟ್ಟರೆ, ಶಾಲೆಗೆ ಹೋಗಲಾರೆ ಅಂದರೆ "ವಯಸ್ಸಿನ ದೋಷ" ಅಂತ ತಳ್ಳಿಹಾಕಬೇಡಿ. ಮಾತಿನ ಥೆರಪಿ ಹಿಂದೆ ಆಗಿತ್ತು ಅನ್ನುವುದನ್ನು ಆಪ್ತಸಮಾಲೋಚಕರಿಗೆ ಮೊದಲ ದಿನವೇ ಹೇಳಿ. ಅವರ ಕೆಲಸವೆಲ್ಲ ಮಾತಿನ ಮೇಲೇ ನಡೆಯುವುದು. ಇವಳಿಗೆ ಚಿಕ್ಕ ವಾಕ್ಯ, ಚಿತ್ರ, ಬರೆದು ತೋರಿಸುವುದು ಬೇಕಾಗುತ್ತದೆ ಅನ್ನುವುದು ಅವರಿಗೆ ಮೊದಲೇ ಗೊತ್ತಿರಲಿ.